ನಗುವಿಗೆ ಹತ್ತು ಅಂಕ

ನಗೆಹನಿ ಐವತ್ತು ಪದ ಮೀರಬಾರದು ಎಂಬ ನಿಯಮವನ್ನು ನಾಲ್ಕು ಪುಟಗಳಲ್ಲಿ ವಿವರಿಸಿದ ಸಮಿತಿಯೊಂದು ಮೈಸೂರಿನಲ್ಲಿದೆ. ಹೆಸರು ಬೇಡ. ಹುಡುಕಿದರೆ ನಿಮ್ಮ ಬಡಾವಣೆಯಲ್ಲೂ ಅಂಥದ್ದೊಂದು ಸಿಕ್ಕೀತು. ಆ ನಾಲ್ಕು ಪುಟದಲ್ಲಿ ನನಗೆ ಬಹಳ ಹಿಡಿಸಿದ್ದು ಅಂಕಗಳ ಹಂಚಿಕೆ: ಸಂದೇಶಕ್ಕೆ 40, ಸಾಮಾಜಿಕ ಕಳಕಳಿಗೆ 30, ಭಾಷಾಶುದ್ಧಿಗೆ 20, ನಗುವಿಗೆ 10. ಅಂದರೆ ಒಂದು ನರಪಿಳ್ಳೆಯನ್ನೂ ನಗಿಸದ ನಗೆಹನಿ ತೊಂಬತ್ತು ತೆಗೆದು ಡಿಸ್ಟಿಂಕ್ಷನ್ನಿನಲ್ಲಿ ಪಾಸಾಗಬಹುದು. ಆಗಿಯೂ ಆಯಿತು. ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮ ಚಿಕ್ಕಪ್ಪ ಪಾಂಡವಪುರದ ಕಡೆಯವರು. ಕಬ್ಬು ಬೆಳೆದವರು, ಆಲೆಮನೆಯ ಹೊಗೆ ಕುಡಿದು ಬೆಳೆದವರು. ಈ ಸ್ಪರ್ಧೆಗೆ ಒಂದು ಕಾರ್ಡು ಗೀಚಿ ಹಾಕಿದರು. ಇಷ್ಟೇ:

"ಗೌಡ್ರೇ, ಬೆಲ್ಲಕ್ಕೆ ಸಕ್ಕರೆ ಬೆರುಸ್ತೀರಂತೆ, ನಿಜ್ವಾ?"

"ಯಾವನ್ಲಾ ಅಂದೋನು? ನಾವು ಸಕ್ಕರೇಗೆ ಬೆಲ್ಲ ಬೆರ್ಸದು!"

ಬೆಲ್ಲದ ಕೊಪ್ಪರಿಗೆಗೆ ಸಕ್ಕರೆ ಮೂಟೆ ಸುರಿಯುವ ಕಳ್ಳಾಟ ಮಂಡ್ಯದ ಕಡೆ ಯಾರಿಗೂ ಹೊಸದಲ್ಲ. ಅಧಿಕಾರಿಗಳು ಆಲೆಮನೆಗೆ ನುಗ್ಗಿದ ಸುದ್ದಿ ಪೇಪರಿನಲ್ಲೂ ಬಂದದ್ದುಂಟು. ಹಾಗಾಗಿ ಚಿಕ್ಕಪ್ಪ ಅದನ್ನೆಲ್ಲ ಹೇಳಲು ಹೋಗಲಿಲ್ಲ. ಗೌಡ ರೇಗುತ್ತಾನೆ, ಆರೋಪ ಅಲ್ಲಗಳೆಯುತ್ತಾನೆ, ಅಲ್ಲಗಳೆಯುವ ರಭಸದಲ್ಲೇ ಅದರ ಎರಡರಷ್ಟು ಒಪ್ಪಿಕೊಂಡುಬಿಡುತ್ತಾನೆ. ಅವನು ಸಿಕ್ಕಿಬಿದ್ದದ್ದು ಅವನಿಗೇ ಗೊತ್ತಿಲ್ಲ, ನಮಗೆ ಗೊತ್ತು. ನಗು ಇರುವುದು ಆ ಸಂದಿಯಲ್ಲಿ. ಅಲ್ಲಿಗೆ ಬರೆದವನು ಕಾಲಿಡಕೂಡದು, ಓದುವವನೇ ಹಾರಿ ದಾಟಬೇಕು. (ಈಗ ನಾನೂ ವಿವರಿಸಿಬಿಟ್ಟೆ. ಸಮಿತಿಯ ಗಾಳಿ ಸೋಕಿದೆ, ಕ್ಷಮಿಸಿ.)

ಕನ್ನಡವಂತೂ ಈ ಕಸುಬಿಗೆಂದೇ ಹುಟ್ಟಿದ ಹಾಗಿದೆ. ಈ ವಾಕ್ಯ ನೋಡಿ: "ಸಾಲ ಇಸಕೊಂಡವನು ಹೇಳಿದ ದಿನಕ್ಕೆ ಸರಿಯಾಗಿ ಮನೆ ಬಾಗಿಲಿಗೆ ಬಂದು, ಕೈಮುಗಿದು, ಎಣಿಸಿ ಎಣಿಸಿ ಕೊಟ್ಟ ಸಬೂಬು ಹನ್ನೊಂದು." 'ಕೊಟ್ಟ' ಅನ್ನುವ ತನಕ ದುಡ್ಡು ಕೈಗೆ ಬಂದೇಬಿಟ್ಟಿತು ಅಂದುಕೊಂಡಿರುತ್ತೇವೆ. ಇನ್ನೊಂದು ಪದ ಮುಂದೆ ಹೋದರೆ ಜೇಬು ಖಾಲಿ. ಸಬೂಬನ್ನು ವಾಕ್ಯದ ಮೊದಲಿಗೆ ತಂದು ನೋಡಿ, ಅದು ಬರೀ ಪೊಲೀಸ್ ಕಂಪ್ಲೇಂಟು.

ಸಮಿತಿ ಚಿಕ್ಕಪ್ಪನ ಕಾರ್ಡನ್ನು ಪರಿಷ್ಕರಿಸಿತು. ಸ್ಮರಣ ಸಂಚಿಕೆಯಲ್ಲಿ ಅಚ್ಚಾದದ್ದು ಹೀಗೆ: "ಒಮ್ಮೆ ಒಬ್ಬ ಗ್ರಾಹಕನು ಆಲೆಮನೆಯ ಮಾಲೀಕನನ್ನು ಕುರಿತು, ತಾವು ಬೆಲ್ಲಕ್ಕೆ ಸಕ್ಕರೆಯನ್ನು ಬೆರೆಸುತ್ತೀರಂತೆ, ಇದು ನಿಜವೇ? ಎಂದು ಪ್ರಶ್ನಿಸಿದನು. ಅದಕ್ಕೆ ಮಾಲೀಕನು ಹಾಸ್ಯಮಯವಾಗಿ, ಇಲ್ಲ, ನಾವು ಸಕ್ಕರೆಗೆ ಬೆಲ್ಲವನ್ನು ಬೆರೆಸುತ್ತೇವೆ ಎಂದು ಉತ್ತರಿಸಿದನು. ಕಲಬೆರಕೆಯು ಆರೋಗ್ಯಕ್ಕೆ ಹಾನಿಕರ."

ಕೊನೆಯ ವಾಕ್ಯದ ದೆಸೆಯಿಂದ ಮೂರನೇ ಬಹುಮಾನ ಬಂತು. ಚಿಕ್ಕಪ್ಪ ಓದಿ, "ನನ್ ಮಗೀಗೆ ಕೋಟು ಟೈ ಹಾಕ್ಬುಟ್ಟವ್ರೆ ಕಣ್ಲಾ, ಗುರ್ತೇ ಸಿಗ್ನಿಲ್ಲ" ಅಂದರು. ಮೊದಲ ಬಹುಮಾನದ್ದೂ ಕೇಳಿಬಿಡಿ. "ಗಂಡ: ನೀರನ್ನು ಉಳಿಸಬೇಕು. ಹೆಂಡತಿ: ಹೌದು, ನೀರನ್ನು ಉಳಿಸಲೇಬೇಕು." ನೂರಕ್ಕೆ ತೊಂಬತ್ತು. ನಗುವಿನ ಕಲಮಿನಲ್ಲಿ ಸೊನ್ನೆ ಹಾಕಿದ್ದರಿಂದ, ತೀರ್ಪುಗಾರರು ಪ್ರಾಮಾಣಿಕರು ಎಂಬುದಂತೂ ಖಾತ್ರಿಯಾಯಿತು.

ಬಹುಮಾನ ವಿತರಣೆ ಭಾನುವಾರ ಬೆಳಿಗ್ಗೆ ಹತ್ತೂವರೆಗೆ. ಆಹ್ವಾನ ಪತ್ರಿಕೆಯಲ್ಲಿ ಇಪ್ಪತ್ತೇಳು ಗಣ್ಯರ ಹೆಸರು, ತಳದಲ್ಲಿ ಭೂತಕನ್ನಡಿಗೆ ಮಾತ್ರ ಕಾಣುವ ಅಕ್ಷರದಲ್ಲಿ 'ಮತ್ತು ನಗೆಹನಿಕಾರರು'. ಹನ್ನೊಂದೂಮುಕ್ಕಾಲಿಗೆ ದೀಪ ಹಚ್ಚಲು ಶುರು ಮಾಡಿದರು. ಫ್ಯಾನು ಆರಿಸಬೇಕೆಂದು ಹೊಳೆಯುವಷ್ಟರಲ್ಲಿ ಒಂದು ಬೆಂಕಿಪೊಟ್ಟಣ ಮುಗಿದಿತ್ತು. ನಾಡಗೀತೆ ಬೇಗ ಮುಗಿಯಿತು. ಅದು ಎಷ್ಟು ಹೊತ್ತಿರಬೇಕೆಂದು ವರ್ಷಗಟ್ಟಲೆ ಜಗ್ಗಾಡಿ, 2022ರಲ್ಲಿ ಸರ್ಕಾರವೇ ಎರಡೂವರೆ ನಿಮಿಷ ಅಂತ ಗೆರೆ ಎಳೆದಿದೆಯಲ್ಲ. ಸ್ವಾಗತ ಭಾಷಣಕ್ಕೆ ಗೆರೆ ಎಳೆಯುವ ಗಂಡೆದೆಯ ಸರ್ಕಾರ ಇನ್ನೂ ಬಂದಿಲ್ಲ.

ಅಧ್ಯಕ್ಷರು 'ಕಿರುಹಾಸ್ಯದ ಭವ್ಯ ಪರಂಪರೆ'ಯನ್ನು ಹಿಡಿದರು. ಪರಂಪರೆ ಭವ್ಯವೇ, ಅದರಲ್ಲಿ ತಕರಾರಿಲ್ಲ. ಸರ್ವಜ್ಞನಿಗೆ ಮೂರು ಸಾಲು ಸಾಕಾಯಿತು, ದಿನಕರ ದೇಸಾಯಿಯವರಿಗೆ ನಾಲ್ಕು. ಡಾಕ್ಟರಾಗಿದ್ದ ರಾಶಿಯವರು 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆ ಶುರು ಮಾಡಿ ಇಪ್ಪತ್ತೈದು ವರ್ಷ ನಾಡಿಗೆ ತಿಂಗಳು ತಿಂಗಳು ಸಣ್ಣ ಸಣ್ಣ ಗುಳಿಗೆ ಕೊಟ್ಟರು. ನಮ್ಮ ಮಹಾರಾಜಾ ಕಾಲೇಜಿನ ಮೇಷ್ಟ್ರಾಗಿದ್ದ ನಾ. ಕಸ್ತೂರಿಯವರು ಪದಕ್ಕೊಂದು ಅನರ್ಥ ಹಚ್ಚಿ ಕೋಶವನ್ನೇ ಕಟ್ಟಿದರು. ಅದೇ 'ಕೊರವಂಜಿ'ಗೆ ಗೆರೆ ಎಳೆಯುತ್ತಿದ್ದ ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಮುಂದೆ ಬೊಂಬಾಯಿಗೆ ಹೋಗಿ, ಒಂದು ಪುಟ್ಟ ಚೌಕದೊಳಗೆ ಇಡೀ ದೇಶವನ್ನು ಕೂರಿಸಿದರು. ಅವರ ಶ್ರೀಸಾಮಾನ್ಯ ಚೌಕುಳಿ ಕೋಟು ತೊಟ್ಟು ಎಲ್ಲದಕ್ಕೂ ಸಾಕ್ಷಿಯಾಗಿ ನಿಂತ, ಒಂದು ಮಾತೂ ಆಡಲಿಲ್ಲ.

ಒಂದು ಮಾತೂ ಆಡದ ಆ ಮನುಷ್ಯನ ಬಗ್ಗೆ ಅಧ್ಯಕ್ಷರು ಇಪ್ಪತ್ತೆರಡು ನಿಮಿಷ ಮಾತಾಡಿದರು. ಎದುರಿಗೆ ನಾವು ನೂರೈವತ್ತು ಜನ ಶ್ರೀಸಾಮಾನ್ಯರು ಬಾಯಿ ಬಿಡದೆ ಕೂತಿದ್ದೆವು. ನಡುವೆ ಅವರೊಂದು ಜೋಕು ಹೇಳಿ, "ಇದು ನಗುವ ವಿಷಯ" ಅಂತ ನೆನಪಿಸಿದರು. ಮುಂದಿನ ಸಾಲಿನವರು ನಕ್ಕರು. ಮುಂದಿನ ಸಾಲಿನಲ್ಲಿದ್ದವರು ಸಮಿತಿಯವರು.

ಚಿಕ್ಕಪ್ಪನ ಸರದಿ ಬಂದಾಗ ಎರಡು ಗಂಟೆ ಹತ್ತು ನಿಮಿಷ. ಹಿಂದಿನ ಬಾಗಿಲಿನಿಂದ ಬಿಸಿಬೇಳೆಬಾತಿನ ಒಗ್ಗರಣೆ ವಾಸನೆ ಬಂದು ಬಂದು, ಅದೂ ಬೇಸತ್ತು ನಿಂತಿತ್ತು. ಅವರಿಗೆ ಮೈಸೂರು ಪೇಟ ತೊಡಿಸಿದರು, ಅದು ಹುಬ್ಬಿನವರೆಗೆ ಇಳಿಯಿತು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಎಲ್ಲವನ್ನೂ ಹೊತ್ತು ಮೈಕಿನ ಮುಂದೆ ಬರುವಷ್ಟರಲ್ಲಿ ನಿರೂಪಕಿ ತುಂಬು ಕಂಠದಲ್ಲಿ ಪರಿಚಯಿಸಿದರು:

"ನಾವು ಬೆಲ್ಲಕ್ಕೆ ಸಕ್ಕರೆ ಬೆರೆಸುವುದಿಲ್ಲ, ಸಕ್ಕರೆಗೇ ಬೆಲ್ಲ ಬೆರೆಸುತ್ತೇವೆ ಎಂಬ ಮಾರ್ಮಿಕ ನಗೆಹನಿಯನ್ನು ರಚಿಸಿರುವ ಶ್ರೀಯುತರು, ಇದೀಗ ಅದನ್ನು ವಾಚಿಸಿ ನಮ್ಮೆಲ್ಲರನ್ನೂ ನಗೆಗಡಲಿನಲ್ಲಿ ತೇಲಿಸಲಿದ್ದಾರೆ. ಒಂದು ನಿಮಿಷ ಕಾಲಾವಕಾಶ. ದಯವಿಟ್ಟು ಸಮಯಪ್ರಜ್ಞೆ ಇರಲಿ."

ಚಿಕ್ಕಪ್ಪ ಕೈಯಲ್ಲಿದ್ದ ಚೀಟಿ ನೋಡಿದರು. ನಿರೂಪಕಿಯನ್ನು ನೋಡಿದರು. ಪೇಟವನ್ನು ಒಂದು ಬೆರಳಿನಿಂದ ಮೇಲೆ ತಳ್ಳಿ ನಮ್ಮನ್ನೆಲ್ಲ ನೋಡಿದರು.

"ಮೇಡಮ್ಮೋರೇ ಹೇಳ್ಬುಟ್ರು. ಇನ್ನುಳ್ದಿರದು ಊಟ."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮೈಕ್‌ಸೆಟ್ಟಿನ ಹುಡುಗ ನಕ್ಕ, ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಅಡುಗೆಯವರು ನಕ್ಕರು. ಚಪ್ಪಾಳೆ ನಿಲ್ಲುವುದನ್ನೇ ಕಾದಿದ್ದ ಕಾರ್ಯದರ್ಶಿಗಳು ವಂದನಾರ್ಪಣೆಗೆ ಎದ್ದು ಬಂದು ಮೈಕು ಸರಿಮಾಡಿಕೊಂಡರು. "ಈಗ ಶ್ರೀಯುತರು ಆಡಿದ ಮಾತನ್ನು ನಾವು ಮೇಲ್ನೋಟಕ್ಕೆ ನೋಡಿ ನಕ್ಕರೆ ಸಾಲದು. ಅದರ ಹಿಂದೆ ಹಸಿವಿನ ಕುರಿತಾದ ಆಳವಾದ ಸಾಮಾಜಿಕ ಕಳಕಳಿಯಿದೆ. ಅದರಲ್ಲಿ ಮುಖ್ಯವಾಗಿ ಮೂರು ಅಂಶಗಳು..."

ಎರಡನೇ ಅಂಶಕ್ಕೆ ಚಿಕ್ಕಪ್ಪ ಪೇಟ ತೆಗೆದು ನನ್ನ ತೊಡೆಯ ಮೇಲಿಟ್ಟು, ಎಲೆ ಹಾಕುತ್ತಿದ್ದ ಕಡೆಗೆ ಹೊರಟರು. ಅವರ ಹಿಂದೆ ಒಂದು ಸಾಲು ಎದ್ದಿತು.