ಇಲ್ಲದ ಕೆಸರಿಗೊಂದು ಸನ್ಮಾನ

ಮೌಂಟನ್ ಬೈಕ್ ಕ್ಲಬ್ಬಿನಲ್ಲಿ ಬಹುಮಾನ ಹಂಚುವುದು ಸಾಮಾನ್ಯವಾಗಿ ಸುಲಭ. ವೇಗವಾಗಿ ಇಳಿದವರಿಗೆ ಗಡಿಯಾರ ಸಾಕ್ಷಿ, ಎತ್ತರಕ್ಕೆ ಹಾರಿದವರಿಗೆ ಫೋಟೊ ಸಾಕ್ಷಿ. ತೊಡಕು ಬರುವುದು ಟ್ರೇಲ್, ಅಂದರೆ ಬೈಕ್ ಓಡಿಸುವ ಬೆಟ್ಟದ ಮಣ್ಣಿನ ಹಾದಿ, ನೋಡಿಕೊಳ್ಳುವ ಸ್ವಯಂಸೇವಕರ ಸರದಿ ಬಂದಾಗ. ಅವರ ಕೆಲಸ ಚೆನ್ನಾಗಿದ್ದಷ್ಟೂ ತೋರಿಸಲು ಏನೂ ಇರುವುದಿಲ್ಲ. ಕೆಸರಾಗಬೇಕಿದ್ದ ಕಡೆ ಕೆಸರಿಲ್ಲ, ಕೊರಕಲು ಬೀಳಬೇಕಿದ್ದ ಕಡೆ ಬಿದ್ದಿಲ್ಲ. ಇಲ್ಲದ ಕೆಸರಿನ ಫೋಟೊ ತೆಗೆಯುವುದು ಹೇಗೆ? ಭಾಷಣಕಾರರು ಕೊನೆಗೆ ‘ಎಲೆಮರೆಯ ಕಾಯಿ’ ಎಂದು ಮುಗಿಸಿಬಿಡುತ್ತಾರೆ. ವರ್ಷವಿಡೀ ಎಲೆ ಗುಡಿಸಿದವರಿಗೆ ಈ ಮಾತು!

ಟ್ರೇಲ್ ಕೆಲಸವೆಂದರೆ ಅಡ್ಡಬಿದ್ದ ಮರ ಕೊಯ್ಯುವುದು, ಮುಳ್ಳು ಸವರುವುದು ಎಂದು ಹೊರಗಿನವರ ಎಣಿಕೆ. ಅದೂ ಇದೆ. ಆದರೆ ದೊಡ್ಡ ಜಗಳವೆಲ್ಲ ನೀರಿನ ಜೊತೆ. ಬೆಟ್ಟದ ಓರೆಯಲ್ಲಿ ಕಡಿದ ಹಾದಿಯ ಮೈ ಇಳಿಜಾರಿನ ಕಡೆಗೆ ಸುಮಾರು 5 ಪರ್ಸೆಂಟ್ ವಾಲಿರಬೇಕು. ಒಂದು ಮೀಟರ್ ಅಗಲಕ್ಕೆ 5 ಸೆಂಟಿಮೀಟರ್. ಆಗ ಮೇಲಿಂದ ಬಂದ ನೀರು ಹಾದಿಯನ್ನು ಅಡ್ಡ ದಾಟಿ ತನ್ನ ಪಾಡಿಗೆ ಕೆಳಗಿಳಿಯುತ್ತದೆ. ಚಕ್ರಗಳು ಓಡಾಡಿದಂತೆಲ್ಲ ಹಾದಿಯ ನಡು ತಗ್ಗಾಗಿ, ಹೊರ ಅಂಚಿನಲ್ಲಿ ಸಣ್ಣ ಬದು ಏಳುತ್ತದೆ. ಗದ್ದೆಯ ಬದು ನೀರು ನಿಲ್ಲಿಸಿದರೆ ಮೆಚ್ಚುತ್ತೇವೆ; ಇಲ್ಲಿ ಅದೇ ಅಪರಾಧ. ದಾಟಲು ಆಗದ ನೀರು ಹಾದಿಗುಂಟ ಓಡತೊಡಗಿ, ಮಣ್ಣನ್ನು ಹೊತ್ತೊಯ್ದು, ಕಲ್ಲು ಬೇರುಗಳನ್ನಷ್ಟೇ ನಮಗೆ ಉಳಿಸುತ್ತದೆ.

ಹೊಸಬರು ಇದಕ್ಕೆ ಕಂಡುಕೊಳ್ಳುವ ಉಪಾಯ, ಹಾದಿಗೆ ಅಡ್ಡಲಾಗಿ ಒಂದು ಮರದ ತುಂಡು ಹೂಳುವುದು. ನಾಲ್ಕು ಮಳೆಗೆ ಅದರ ಹಿಂದೆ ಹೂಳು ತುಂಬಿ ನೀರು ಮೇಲಿಂದಲೇ ಹಾರುತ್ತದೆ. ಒದ್ದೆ ಮರದ ಮೇಲೆ ಚಕ್ರ ಜಾರುತ್ತದೆಂದು ಸವಾರರು ಪಕ್ಕದಲ್ಲಿ ಹೋಗುತ್ತಾರೆ, ಹಾದಿ ಅಗಲವಾಗುತ್ತದೆ. ಬಲ್ಲವರು ಮೊದಲು ಬದುವನ್ನೇ ಕೆರೆದು ತೆಗೆಯುತ್ತಾರೆ. ಅಷ್ಟು ಸಾಲದಿದ್ದರೆ, ಇಳಿಯುವ ಹಾದಿಯನ್ನು ನಡುವೆ ಕೆಲವು ಮೀಟರ್ ಮೆಲ್ಲಗೆ ಏರಿಸುತ್ತಾರೆ. ನೀರಿಗೆ ಏರು ಹತ್ತಲು ಬಾರದು. ತಗ್ಗಿನಲ್ಲಿಯೇ ಹೊರಗೆ ತಿರುಗುತ್ತದೆ. ಸವಾರನಿಗೋ ಅದು ಒಂದು ಹಿತವಾದ ಅಲೆ, ಅಷ್ಟೇ. ಇನ್ನು ಗುಂಡಿ ಮುಚ್ಚಲು ಪಕ್ಕದ ಕಪ್ಪು ಮಣ್ಣನ್ನು ಎಳೆದು ಹಾಕುವ ಉತ್ಸಾಹಿಗಳಿರುತ್ತಾರೆ. ಕೊಳೆತ ಎಲೆ ಬೆರೆತ ಆ ಮಣ್ಣು ನೀರು ಹೀರಿ ಗೊಜ್ಜಾಗುತ್ತದೆ. ಅದನ್ನು ಸರಿಸಿ, ಅಡಿಯ ಗಟ್ಟಿ ಮಣ್ಣನ್ನು ಅಗೆದು ತಂದು, ಪದರ ಪದರವಾಗಿ ದಮ್ಮಸು ಮಾಡಬೇಕು.

ಬಲ್ಲವರು ಜೋರು ಮಳೆಯಲ್ಲಿ ಬೈಕ್ ಬಿಟ್ಟು ನಡೆದುಕೊಂಡು ಹೋಗುತ್ತಾರೆ. ನೀರು ನಿಂತಲ್ಲೆಲ್ಲ ಒಂದು ಕಡ್ಡಿ ನೆಟ್ಟು ಬರುತ್ತಾರೆ. ಗುದ್ದಲಿ ಹಿಡಿಯುವುದು ಮಳೆ ಬಿಟ್ಟ ಮೇಲೆ, ಮಣ್ಣು ಮುಷ್ಟಿಯಲ್ಲಿ ಹಿಚುಕಿದರೆ ಉಂಡೆಯಾಗಿ ನಿಲ್ಲುವಾಗ. ಒಣಗಿದ ಧೂಳು ಎಷ್ಟು ಬಡಿದರೂ ಕೂರುವುದಿಲ್ಲ.

ಅವರ ಕೈಯಲ್ಲಿ ಆಗಾಗ ಕಾಣುವ ಪುಲಾಸ್ಕಿ ಎಂಬ ಸಲಕರಣೆಗೆ ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿಯ ಅಲಗು. ಬೇರು ಕಡಿದು ಹಾಗೇ ತಿರುಗಿಸಿ ಅಗೆಯಬಹುದು. ಅದಕ್ಕೆ ಹೆಸರು ಕೊಟ್ಟ ಎಡ್ ಪುಲಾಸ್ಕಿ ಅಮೆರಿಕದ ಅರಣ್ಯ ಇಲಾಖೆಯವರು. 1910ರ ಮಹಾ ಕಾಳ್ಗಿಚ್ಚಿನಲ್ಲಿ ತಮ್ಮ ತಂಡದ ಹೆಚ್ಚಿನವರನ್ನು ಗಣಿಯ ಸುರಂಗಕ್ಕೆ ನುಗ್ಗಿಸಿ ಉಳಿಸಿದವರು. ಜನ ಇಂದಿಗೂ ದಿನಕ್ಕೆ ಹತ್ತು ಸಲ ಅವರ ಹೆಸರು ಹೇಳುತ್ತಾರೆ, ‘ಆ ಪುಲಾಸ್ಕಿ ಈ ಕಡೆ ಕೊಡಿ’ ಎಂದು. ಸನ್ಮಾನವೆಂದರೆ ಹೀಗಿರಬೇಕು.

ಕ್ಲಬ್ಬುಗಳಿಗೆ ಸಾಮಾನ್ಯವಾಗಿ ಹೊಳೆಯುವುದು, ಟ್ರೇಲಿನ ಒಂದು ತುಂಡಿಗೆ ಸ್ವಯಂಸೇವಕರ ಹೆಸರಿಟ್ಟು ಫಲಕ ನೆಡುವುದು. ಒಳ್ಳೆಯದೇ. ಆದರೆ ಫಲಕದ ಕಂಬಕ್ಕೆ ಎರಡಡಿ ಗುಂಡಿ ತೋಡಬೇಕು, ಸುತ್ತ ಕಲ್ಲು ಜಡಿಯಬೇಕು. ಇಲ್ಲವಾದರೆ ಬೇಗನೆ ವಾಲುತ್ತದೆ. ಅದನ್ನು ಸರಿಯಾಗಿ ಬಲ್ಲವರು ಕ್ಲಬ್ಬಿನಲ್ಲಿ ಒಬ್ಬರೇ, ಸನ್ಮಾನಿತರೇ. ಅದಕ್ಕಿಂತ, ಇಪ್ಪತ್ತು ಸದಸ್ಯರು ಒಂದು ಬೆಳಿಗ್ಗೆ ಸೇರಿ ತಲೆಗೆ ಹತ್ತು ಮೀಟರಿನಂತೆ ಬದು ಕೆರೆದರೆ ಇನ್ನೂರು ಮೀಟರ್ ಹಾದಿ ಆಗುತ್ತದೆ. ಸನ್ಮಾನಿತರಿಗೆ ಕುರ್ಚಿ ಹಾಕಿಡಬಹುದು. ಅವರು ಕೂರುವುದಿಲ್ಲ. ಪ್ರತಿಯೊಬ್ಬರ ಹಿಂದೆ ಬಗ್ಗಿ ನೋಡುತ್ತಾ, ‘ಇನ್ನೂ ಎರಡು ಬೆರಳು ತೆಗೀರಿ, ಇಷ್ಟಕ್ಕೆ ನೀರು ದಾಟಲ್ಲ’ ಎನ್ನುತ್ತಿರುತ್ತಾರೆ.