ಮೊಲ ಸಾಕುವುದೆಂದರೆ ಹಿಕ್ಕೆ ಎಣಿಸುವುದು

ಬೆಳಿಗ್ಗೆ ಎದ್ದವನೇ ನಾನು ಮೊದಲು ನೋಡುವುದು ಮೊಬೈಲ್ ಅಲ್ಲ, ಗುಂಡನ ಟ್ರೇ. ಹಿಕ್ಕೆ ಎಷ್ಟು ಬಿದ್ದಿದೆ, ದುಂಡಗಿದೆಯಾ, ಹಿಸುಕಿದರೆ ಒಳಗೆ ಹುಲ್ಲಿನ ನಾರು ಕಾಣುತ್ತದಾ. ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಗಲಿ ಬಿಡಿ.

ಎರಡು ವರ್ಷದ ಹಿಂದೆ ಒಂದು ರಾತ್ರಿ ಆ ಟ್ರೇ ಖಾಲಿ ಇತ್ತು. ಗುಂಡ ಮೂಲೆಯಲ್ಲಿ ಮುದುಡಿ ಕೂತಿದ್ದ. ಕ್ಯಾರೆಟ್ ತುಂಡು ಮೂಗಿನ ಹತ್ತಿರ ಹಿಡಿದರೆ ಮುಖ ತಿರುಗಿಸಿದ. "ಇವನ್ಯಾಕೋ ಸರಿ ಇಲ್ಲ ಕಣೋ" ಅಂದಳು ಅಕ್ಕ. "ಹಸಿವಿಲ್ಲ ಅನ್ಸುತ್ತೆ, ಬೆಳಿಗ್ಗೆ ನೋಡೋಣ" ಅಂದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಬೆಳಿಗ್ಗೆ ಹೊತ್ತಿಗೆ ಕಿವಿ ತಣ್ಣಗಾಗಿತ್ತು. ಹೊಟ್ಟೆ ನೆಲಕ್ಕೆ ಒತ್ತಿಕೊಂಡು ಕಟಕಟ ಹಲ್ಲು ಕಡಿಯುತ್ತಿದ್ದ. ಅದು ನೋವಿಗೆ ಅಂತ ಆಮೇಲೆ ಗೊತ್ತಾಯಿತು.

ಡಾಕ್ಟರು ಮೊದಲು ಜ್ವರ ನೋಡಿದರು. 38.5ರಿಂದ 40 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕಾದ ಮೈ ಬಿಸಿ 37ಕ್ಕೆ ಇಳಿದಿತ್ತು. "ಯಾವಾಗಿಂದ ತಿಂದಿಲ್ಲ?" "ನಿನ್ನೆ ಸಂಜೆಯಿಂದ." "ರಾತ್ರೀನೇ ಬರಬೇಕಿತ್ತು" ಅಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ನಾಯಿ ಒಂದು ಹೊತ್ತು ಊಟ ಬಿಟ್ಟರೆ ಏನೂ ಆಗಲ್ಲ. ಮೊಲದ ಕಥೆ ಬೇರೆ. ಅದರ ಕರುಳು ಹಗಲೂ ರಾತ್ರಿ ನಡೆಯುತ್ತಲೇ ಇರಬೇಕು, ನಡೆಸುವುದು ನಾರು. ನಾರು ಕಮ್ಮಿಯಾದರೆ, ನೀರು ಸಾಲದಿದ್ದರೆ, ಹಲ್ಲು ನೋವೋ ಹೆದರಿಕೆಯೋ ಆಗಿ ತಿನ್ನುವುದು ಬಿಟ್ಟರೆ ಕರುಳು ನಿಧಾನವಾಗುತ್ತದೆ. ಒಳಗೆ ಗ್ಯಾಸ್ ತುಂಬುತ್ತದೆ, ನೋವಾಗುತ್ತದೆ, ನೋವಿಗೆ ಇನ್ನೂ ತಿನ್ನಲ್ಲ. ವಾಂತಿ ಮಾಡಿಕೊಳ್ಳೋಣ ಅಂದರೆ ಮೊಲಕ್ಕೆ ವಾಂತಿಯೇ ಬರುವುದಿಲ್ಲ. ಕೂದಲು ನುಂಗಿ ಹೀಗಾಯಿತು ಅಂತ ಎಲ್ಲರೂ ಹೇಳುತ್ತಾರೆ. ಮೈ ನೆಕ್ಕುವ ಪ್ರಾಣಿ ಕೂದಲು ನುಂಗದೇ ಇರುತ್ತದಾ? ಕರುಳು ಸರಿಯಾಗಿ ನಡೆಯುತ್ತಿದ್ದರೆ ಅದು ಹಿಕ್ಕೆ ಜೊತೆ ಹೋಗಿಬಿಡುತ್ತದೆ. ಬಹಳ ಸಲ ಕರುಳು ನಿಂತದ್ದರಿಂದಲೇ ಕೂದಲು ಗಂಟು ಕಟ್ಟುವುದು.

ಎಕ್ಸ್‌ರೇ ತೆಗೆದು, ಕರುಳಲ್ಲಿ ಎಲ್ಲೂ ಏನೂ ಅಡ್ಡ ಸಿಕ್ಕಿಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೇ ಬಾಯಿಗೆ ಆಹಾರ ಕೊಡಲು ಹೇಳಿದರು. ಅಡ್ಡ ಇದ್ದಾಗ ತುರುಕಿದರೆ ಪ್ರಾಣಕ್ಕೇ ಸಂಚಕಾರ. ನೋವಿಗೆ ಔಷಧ, ಚರ್ಮದ ಕೆಳಗೆ ಡ್ರಿಪ್, ಮೈ ಬೆಚ್ಚಗೆ ಇಡುವುದು. ಆಮೇಲೆ ಸಿರಿಂಜ್ ಕೆಲಸ ನನ್ನದು. ಟವೆಲ್‌ನಲ್ಲಿ ಸುತ್ತಿ ತೊಡೆ ಮೇಲೆ ಕೂರಿಸಿಕೊಂಡು, ಮುಂದಿನ ಹಲ್ಲಿನ ಪಕ್ಕದಲ್ಲಿರುವ ಖಾಲಿ ಜಾಗದಿಂದ ಹಸಿರು ಗಂಜಿ ಸ್ವಲ್ಪ ಸ್ವಲ್ಪವೇ ಬಿಡಬೇಕು. ಅಗಿದು ನುಂಗುವವರೆಗೂ ಕಾಯಬೇಕು. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಅರ್ಧ ಅವನ ಹೊಟ್ಟೆಗೆ, ಅರ್ಧ ನನ್ನ ಅಂಗಿಗೆ. ಮಾರನೇ ದಿನ ಬೆಳಗಿನ ಜಾವ 3 ಗಂಟೆಗೆ ಮೆಣಸಿನ ಕಾಳಿನಷ್ಟು ಒಂದೇ ಒಂದು ಹಿಕ್ಕೆ ಬಿತ್ತು. ಅಕ್ಕನನ್ನು ಎಬ್ಬಿಸಿ ತೋರಿಸಿದೆ.

ಅಲ್ಲಿಯವರೆಗೆ ಗುಂಡನಿಗೆ ನಾನು ಏನು ಹಾಕುತ್ತಿದ್ದೆ ಗೊತ್ತಾ? ಕ್ಯಾರೆಟ್, ಬಿಸ್ಕತ್ತು, ಕಾಳು ಬೆರೆಸಿದ ಬಣ್ಣಬಣ್ಣದ ತಿಂಡಿ. ಮೊಲ ಅಂದರೆ ಕ್ಯಾರೆಟ್ ಅಂತ ಚಿತ್ರದಲ್ಲಿ ನೋಡಿ ಬೆಳೆದವರು ನಾವು. ನಿಜವಾಗಿ ಅದರ ಊಟದಲ್ಲಿ ಶೇಕಡಾ 80ಕ್ಕಿಂತ ಜಾಸ್ತಿ ಒಣಹುಲ್ಲೇ ಇರಬೇಕು. ಜೀವ ಇರುವಷ್ಟು ದಿನ ಬೆಳೆಯುವ ಹಲ್ಲು ಸವೆಯುವುದಕ್ಕೂ ಅದೇ ಹುಲ್ಲು ಬೇಕು. ಕ್ಯಾರೆಟ್ ಅಂದರೆ ಮಕ್ಕಳಿಗೆ ಮಿಠಾಯಿ ಇದ್ದ ಹಾಗೆ. ಗುಂಡನಿಗೆ ನೀರನ್ನೂ ಈಗ ಬಟ್ಟಲಲ್ಲೇ ಇಡುತ್ತೇನೆ, ಬಾಟಲಿಗಿಂತ ಜಾಸ್ತಿ ಕುಡಿಯುತ್ತಾನೆ.

ಮನೆಯಲ್ಲಿ ಉಳಿದ ಮಾತ್ರೆ ಪುಡಿ ಮಾಡಿ ಹಾಕುವವರಿಗೆ ಮಾತ್ರ ಕೈ ಮುಗಿಯುತ್ತೇನೆ. ನಮಗೆ ಮಾಮೂಲಿಯಾದ ಅಮಾಕ್ಸಿಸಿಲಿನ್ ಬಾಯಿಗೆ ಹಾಕಿದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಮೊಲವೂ ಸಾಯಬಹುದು.

ಹೋದ ವಾರ ಗೆಳೆಯನೊಬ್ಬ ಫೋನ್ ಮಾಡಿದ್ದ. ಮಗಳ ಹುಟ್ಟುಹಬ್ಬಕ್ಕೆ ಮೊಲ ತರುತ್ತಾನಂತೆ. "ನಾಯಿ ಆದ್ರೆ ರಗಳೆ, ಇದು ಸುಮ್ನೆ ಬಿದ್ದಿರುತ್ತಲ್ವಾ?" ಅಂದ. ಸುಮ್ನೆ ಬಿದ್ದಿದ್ದರೆ ಅವತ್ತು ರಾತ್ರಿ ನಿದ್ದೆ ಇಲ್ಲ ಅಂತ ತಿಳ್ಕೋ ಅಂದೆ. ಸಿರಿಂಜ್ ಕಥೆ ಪೂರ್ತಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸೈಕಲ್ ಕೊಡಿಸ್ತೀನಿ ಬಿಡು" ಅಂದ.