ಒಂದು ಕಣ್ಣು ಮುಚ್ಚಿ ನೋಡುವವರು

ಎಂಜಿನ್ ಬಿಚ್ಚಿಟ್ಟ ಮನೆಗೆ ಬಂದವರೆಲ್ಲ ತಪ್ಪದೇ ಮಾಡುವ ಕೆಲಸ ಒಂದಿದೆ. ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿ ಬದಲಿಸುವ ಉಕ್ಕಿನ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್ ಮುಂದೆ ಬಗ್ಗುತ್ತಾರೆ, ಒಂದು ಕಣ್ಣು ಮುಚ್ಚುತ್ತಾರೆ, ತಲೆ ಓರೆ ಮಾಡುತ್ತಾರೆ, ಆಮೇಲೆ "ಬೆಂಡ್ ಇದೆ ಅಲ್ವಾ?" ಅನ್ನುತ್ತಾರೆ. ಸ್ವಾಮಿ, ಅದು ಹುಟ್ಟಿದ್ದೇ ಸೊಟ್ಟಗೆ. ಪಿನ್ನುಗಳು ಆ ಕಡೆ ಈ ಕಡೆ ಚಾಚಿಕೊಂಡಿರದಿದ್ದರೆ ಪಿಸ್ಟನ್ ಮೇಲೆ ಕೆಳಗೆ ಹೋಗುವುದಾದರೂ ಹೇಗೆ? ನೆಟ್ಟಗಿರಬೇಕಾದ್ದು ಮೇನ್ ಜರ್ನಲ್‌ಗಳು ಮಾತ್ರ. ಅಂದರೆ ಬ್ಲಾಕಿನ ಬೇರಿಂಗ್ ಒಳಗೆ ಕೂತು ತಿರುಗುವ ಜಾಗಗಳು. ಅವೆಲ್ಲ ಒಂದೇ ಗೆರೆಯಲ್ಲಿರಬೇಕು, ಅದೂ ಮಿಲಿಮೀಟರಿನ ನೂರು ಭಾಗದಲ್ಲಿ ಕೆಲವೇ ಭಾಗದಷ್ಟು ಸರಿಯಾಗಿ. ಅದು ಕಣ್ಣಿಗೆ ಕಾಣುವ ಲೆಕ್ಕವೇ ಅಲ್ಲ. ಎರಡೂ ಕಣ್ಣು ಬಿಟ್ಟರೂ ಕಾಣಲ್ಲ.

ನಮ್ಮದು ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಕಾರು. 1974ರಲ್ಲೇ ಅದಕ್ಕೆ ಪದ್ಮಿನಿ ಅಂತ ಹೆಸರಿಟ್ಟರೂ ನಮ್ಮ ಬೀದಿಗೆ ಇವತ್ತಿಗೂ ಅದು ಫಿಯಟ್. 1089 ಸಿಸಿ, ನಾಲ್ಕು ಸಿಲಿಂಡರ್, ಮೂರು ಮೇನ್ ಬೇರಿಂಗ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಹೊಗೆ ಜಾಸ್ತಿಯಾಗಿ, ಹಿಂದೆ ಬರುವವರು ಬೈಯುವುದೂ ಜಾಸ್ತಿಯಾಗಿ, ಕೊನೆಗೆ ಎಂಜಿನ್ ಇಳಿಸಿದ್ದಾಯಿತು. ಬಿಡಿಭಾಗ ಸಿಗುವ ತನಕ ಕ್ರ್ಯಾಂಕ್ ಮನೆಯಲ್ಲೇ ಇಟ್ಟುಕೊಳ್ಳಿ ಅಂದ ಮೆಕ್ಯಾನಿಕ್ ಇನ್ನೊಂದು ಮಾತು ಸೇರಿಸಿದ: "ಮಲಗಿಸಬೇಡಿ ಸಾರ್, ಬಗ್ಗೋಗುತ್ತೆ. ನಿಲ್ಲಿಸಿ, ಇಲ್ಲಾ ನೇತು ಹಾಕಿ."

ನನ್ನನ್ನು ಕೇಳಿದರೆ ಇಷ್ಟು ಗಿಡ್ಡ, ದಪ್ಪ ಉಕ್ಕಿನ ತುಂಡು ತನ್ನ ಭಾರಕ್ಕೇ ಬಗ್ಗಿ ಹಾಗೇ ಉಳಿದುಬಿಡುತ್ತದೆ ಅನ್ನುವುದನ್ನು ನಂಬುವುದು ಕಷ್ಟ. ಲಾರಿಯ ಉದ್ದನೆಯ ಕ್ರ್ಯಾಂಕಿಗೆ ಎಚ್ಚರ ಇರಲಿ, ಇದಕ್ಕೆ ಎರಡು ಮರದ ತುಂಡು ಕೊಟ್ಟು ಮಲಗಿಸಿದರೂ ಸಾಕಿತ್ತು. ಆದರೂ ಮೆಕ್ಯಾನಿಕ್ ಮಾತು ಮೀರುವ ಧೈರ್ಯ ಯಾರಿಗಿದೆ? ಫ್ಲೈವೀಲ್ ಕೂರುವ ಅಗಲ ತುದಿಯನ್ನು (ಫ್ಲೇಂಜ್) ಕೆಳಗೆ ಮಾಡಿ ಹಾಲಿನ ಮೂಲೆಯಲ್ಲಿ ನಿಲ್ಲಿಸಿದೆ. ತಂಗಿಯ ಮಗ ಅದಕ್ಕೆ ಕ್ರಿಕೆಟ್ ಸ್ಟಂಪ್ ಕೆಲಸ ಕೊಟ್ಟ. ನಿಲ್ಲಿಸಿದ ಕ್ರ್ಯಾಂಕಿಗೆ ನಿಜವಾದ ಅಪಾಯ ಬಾಗುವುದಲ್ಲ, ಬೀಳುವುದು. ಅದರ ಜೊತೆ ಯಾರ ಕಾಲ ಬೆರಳು ಹೋಗುತ್ತೆ ಅನ್ನುವುದು ಬೇರೆ ವಿಷಯ.

ಹಾಗಾಗಿ ಜರ್ನಲ್‌ಗಳಿಗೆಲ್ಲ ಚೆನ್ನಾಗಿ ಗ್ರೀಸ್ ಬಳಿದು, ಅಮ್ಮನ ಹಳೇ ಸೀರೆ ಸುತ್ತಿ, ಹಾಲಿನ ಉಯ್ಯಾಲೆ ಕೊಂಡಿಗೆ ಹಗ್ಗ ಕಟ್ಟಿ ನೇತು ಹಾಕಿದೆ. ಬಂದವರು ಮೊದಲು ಅದನ್ನು ನೋಡುತ್ತಿದ್ದರು, ಆಮೇಲೆ ನನ್ನನ್ನು. ಹಾಲು ಹಾಕುವವನಂತೂ ದೂರದಿಂದಲೇ ಕೈ ಮುಗಿದು ಹೋಗುತ್ತಿದ್ದ. ಕೇಳಿದರೆ "ಯಾವ ದೇವರು ಸಾರ್?" ಅಂದ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಾನು ಆಫೀಸಿನಲ್ಲಿದ್ದೆ. ಅಮ್ಮ ಸ್ಕೂಟರ್, ಮಿಕ್ಸಿ, ಈಳಿಗೆಮಣೆ, ನೀರಿನ ಪಂಪು ಎಲ್ಲಕ್ಕೂ ಪೂಜೆ ಮುಗಿಸಿ, "ಇದೊಂದು ಯಾಕೆ ಬಿಡಬೇಕು" ಅಂತ ಕ್ರ್ಯಾಂಕಿನ ಸೀರೆ ಬಿಚ್ಚಿಸಿದ್ದಾರೆ. ಪಾಪ, ಅದು ಜಿಡ್ಡು ಜಿಡ್ಡಾಗಿತ್ತಂತೆ. ಗ್ರೀಸೆಲ್ಲ ಒರೆಸಿ, ಒದ್ದೆ ಬಟ್ಟೆಯಲ್ಲಿ ಇನ್ನೊಂದು ಸಲ ಒರೆಸಿ, ಒಂದೊಂದು ಜರ್ನಲ್‌ಗೂ ಗಂಧ, ಅರಿಶಿನ, ಕುಂಕುಮ ಇಟ್ಟು, ಮೇಲೆ ಸೇವಂತಿಗೆ ಹೂವು ಸಿಕ್ಕಿಸಿ, ಹೆಚ್ಚಿದ ನಿಂಬೆಹಣ್ಣನ್ನು ಹಿಂಡಿ, ಮತ್ತೆ ಅದೇ ಸೀರೆ ಸುತ್ತಿದ್ದಾರೆ. ಒದ್ದೆಯಾಗಿಯೇ! ಉಕ್ಕಿಗೆ ತುಕ್ಕು ಹಿಡಿಸಬೇಕು ಅಂತ ಕೂತು ಯೋಚಿಸಿದರೂ ಇದಕ್ಕಿಂತ ಒಳ್ಳೆಯ ದಾರಿ ಹೊಳೆಯಲ್ಲ. ಆಮೇಲೊಂದು ದಿನ ಬಿಚ್ಚಿ ನೋಡಿದರೆ ಕುಂಕುಮ ಎಲ್ಲಿ ಮುಗಿದು ತುಕ್ಕು ಎಲ್ಲಿ ಶುರುವಾಗಿದೆ ಅಂತ ಗೊತ್ತಾಗುತ್ತಿರಲಿಲ್ಲ. ಅಮ್ಮನಿಗೆ ಏನು ಹೇಳುವುದು? ಎಂಜಿನ್ನಿಗೆ ಒಳ್ಳೇದಾಗಲಿ ಅಂತ ತಾನೇ ಮಾಡಿದ್ದು.

ಜೆ.ಸಿ. ರಸ್ತೆ ಕಡೆಯ ಒಂದು ಮೆಷಿನ್ ಶಾಪಿಗೆ ಆಟೋದಲ್ಲಿ ಹೊತ್ತೊಯ್ದೆ. ಆಟೋದವನು ಸಿಗ್ನಲ್ಲಿನಲ್ಲಿ ಹಿಂದೆ ತಿರುಗಿ, ಒಂದು ಕಣ್ಣು ಮುಚ್ಚಿ, "ಬೆಂಡ್ ಇದೆ ಸಾರ್" ಅಂದ. ಸೀರೆ ಇನ್ನೂ ಬಿಚ್ಚಿರಲೇ ಇಲ್ಲ.

ಶಾಪಿನವನು ಮೊದಲ ಮತ್ತು ಕೊನೆಯ ಜರ್ನಲನ್ನು ತುಕ್ಕು ಕುಂಕುಮದ ಸಮೇತ ವಿ-ಬ್ಲಾಕುಗಳ (V ಆಕಾರದ ತೋಡಿರುವ ಉಕ್ಕಿನ ತುಂಡುಗಳು) ಮೇಲೆ ಕೂರಿಸಿ, ನಡುವಿನದಕ್ಕೆ ಸಣ್ಣ ಏರಿಳಿತವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಮುಟ್ಟಿಸಿ ತಿರುಗಿಸಿದ. ಮುಳ್ಳು ಕುಣಿಯಿತು. ಮಧ್ಯದಲ್ಲಿ ಗೇಜಿನ ತುದಿ ಎಣ್ಣೆ ತೂತಿಗೆ ದಬಕ್ಕನೆ ಬಿತ್ತು. "ನೋಡಿದ್ರಾ, ಎಷ್ಟು ಬೆಂಡು!" ಅಂದ. ಅದು ತೂತಪ್ಪಾ ಅಂದರೆ ಕೇಳುವವರಾರು? ಪ್ರೆಸ್ಸಿಗೆ ಹಾಕಿ ನೆಟ್ಟಗೆ ಮಾಡೋಣ ಅಂತ ಆಗಲೇ ತೋಳು ಮಡಿಸುತ್ತಿದ್ದ. ನೆಟ್ಟಗಿರುವುದನ್ನು ಪ್ರೆಸ್ಸಿಗೆ ಕೊಟ್ಟರೆ ಏನಾಗುತ್ತದೆ ಅಂತ ನೆನೆಸಿಕೊಂಡೇ ಬೆವರಿ, ಕ್ರ್ಯಾಂಕ್ ಎತ್ತಿಕೊಂಡು ವಾಪಸ್ ಬಂದೆ.

ಪಕ್ಕದ ಮನೆ ರಾಯರು ಎಚ್‌ಎಂಟಿಯಲ್ಲಿ ಲೇತ್ ಮೇಲೆ ನಿಂತು ನಿವೃತ್ತರಾದವರು. ಒಂದು ಜೋಡಿ ವಿ-ಬ್ಲಾಕು ಮತ್ತು ಡಯಲ್ ಗೇಜನ್ನು ಒಡವೆಯ ಹಾಗೆ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ. ಬಂದವರೇ ತುಕ್ಕು ನೋಡಿ, "ಮೊದಲು ಇದನ್ನು ತೊಳೀರಿ, ಆಮೇಲೆ ಅಳತೆ" ಅಂದರು. ಎಣ್ಣೆಯಲ್ಲಿ ನೆನೆಸಿದ ನುಣುಪು ಎಮರಿಯಲ್ಲಿ ಉಜ್ಜಿ ಒರೆಸಿದ ಮೇಲೆ ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಎಲ್ಲ ಸಜ್ಜಾಯಿತು. ಆಗ ನೋಡಿ ತೊಂದರೆ. ಗೇಜಿನ ಸ್ಟ್ಯಾಂಡಿಗೆ ಅಯಸ್ಕಾಂತದ ಬುಡ, ಗ್ರಾನೈಟಿಗೆ ಅದು ಅಂಟಲ್ಲ. ರಾಯರು ಸುತ್ತ ಕಣ್ಣಾಡಿಸಿ, ನನ್ನ ಹೆಂಡತಿಯ ಬೀಡು ಕಬ್ಬಿಣದ ದೋಸೆ ಕಾವಲಿ ಎಳೆದುಕೊಂಡು, ಬೋರಲು ಹಾಕಿ, ಅದರ ಬೆನ್ನಿಗೆ ಟಪ್ ಅಂತ ಅಂಟಿಸಿದರು.

"ಅದರಲ್ಲಿ ನಾಳೆ ದೋಸೆ ಹಾಕಬೇಕು!" ಅಂದಳು ಹೆಂಡತಿ.

"ಐದು ನಿಮಿಷ ತಾಯಿ" ಅಂದರು ರಾಯರು. ನಿಧಾನವಾಗಿ ತಿರುಗಿಸುತ್ತಾ, ಎಣ್ಣೆ ತೂತನ್ನು ಬಿಟ್ಟು ಪಕ್ಕದಲ್ಲಿ ಮುಳ್ಳು ಓಡಿಸುತ್ತಾ, ನನಗೆ ಪಾಠವನ್ನೂ ಮಾಡಿದರು. ಒಂದು ಸುತ್ತಿಗೆ ಮುಳ್ಳು ಒಂದೇ ಸಲ ಏರಿ ಇಳಿದರೆ ಬೆಂಡು. ಎರಡು ಸಲ ಏರಿ ಇಳಿದರೆ ಜರ್ನಲ್ ಸವೆದು ಮೊಟ್ಟೆಯಾಕಾರ ಆಗಿದೆ ಅಂತ, ಅದನ್ನು ಮೈಕ್ರೋಮೀಟರಿನಲ್ಲೂ ನೋಡಬೇಕು. ಇನ್ನೊಂದು, ಮುಳ್ಳು ತೋರಿಸಿದ್ದರ ಅರ್ಧ ಮಾತ್ರ ಬೆಂಡು, ಏಕೆಂದರೆ ಬಾಗಿದ ಕಡೆ ಮೇಲೆ ಬಂದಾಗ ಒಂದು ಸಲ, ಕೆಳಗೆ ಹೋದಾಗ ಒಂದು ಸಲ ಅದು ಲೆಕ್ಕಕ್ಕೆ ಬರುತ್ತದೆ. ಈ ಅರ್ಧದ ವಿಷಯ ಗೊತ್ತಿಲ್ಲದೆ ಎಷ್ಟು ಒಳ್ಳೆಯ ಕ್ರ್ಯಾಂಕುಗಳು ಗುಜರಿಗೆ ಹೋಗಿವೆಯೋ! ಇದೆಲ್ಲ ನಡೆಯುವಾಗ ಕುಕ್ಕರ್ ವಿಷಲ್ ಹೊಡೆಯಿತು, ಮುಳ್ಳು ಗಡಗಡ ನಡುಗಿತು, ರಾಯರು ಗ್ಯಾಸ್ ಆರಿಸಿಬಿಟ್ಟರು. ಅವತ್ತಿನ ಬೇಳೆ ಬೇಯಲಿಲ್ಲ. ಮುಳ್ಳು ಮಾತ್ರ ನಾಲ್ಕು ಗೆರೆ ಆಡಿತು, ಒಂದು ಗೆರೆಗೆ 0.01 ಮಿಲಿಮೀಟರ್. ಅಂದರೆ ಬೆಂಡು 0.02. ಹೇಗೂ ಜರ್ನಲ್‌ಗಳನ್ನು ಹತ್ತು ಥೌ (ಇಂಚಿನ ಸಾವಿರ ಭಾಗದಲ್ಲಿ ಹತ್ತು) ಗ್ರೈಂಡ್ ಮಾಡಿಸುವುದಿತ್ತು, ಅದರಲ್ಲಿ ಅದೂ ಹೋಗುತ್ತದೆ. ಪ್ರೆಸ್ಸು ಬೇಡವೇ ಬೇಡ.

ಮರುದಿನ ಬೆಳಿಗ್ಗೆ ದೋಸೆ ನಡುವಲ್ಲಿ ದಪ್ಪ, ಅಂಚಲ್ಲಿ ಸೀದು ಬಂತು. ನಿಮ್ಮ ಕ್ರ್ಯಾಂಕಿನ ಸಹವಾಸದಿಂದ ನನ್ನ ಕಾವಲಿ ಬೆಂಡಾಯಿತು ಅಂತ ಹೆಂಡತಿ. ಬೀಡು ಅಷ್ಟು ಸುಲಭಕ್ಕೆ ಬಗ್ಗಲ್ಲ, ಮೊದಲಿಂದ ಹಾಗೇ ಇತ್ತು ಅಂತ ನಾನು. ತೀರ್ಮಾನಕ್ಕೆ ರಾಯರನ್ನೇ ಕರೆದೆವು. ಅವರು ಗೇಜನ್ನು ಖಾಲಿ ಇದ್ದ ವಿ-ಬ್ಲಾಕಿಗೆ ಅಂಟಿಸಿ, ಕಾವಲಿಯನ್ನು ಅದರ ತುದಿಯ ಕೆಳಗೆ ಸರಿಸುತ್ತಾ ಹೋದರು. ಮುಳ್ಳು ಎರಡು ಸುತ್ತು ಪೂರ್ತಿ ಹೊಡೆದು ಮೂರನೆಯದಕ್ಕೆ ಹೊರಟಿತು.

"ಎರಡು ಮಿಲಿಮೀಟರ್ ಮೇಲೆ. ಇದು ರಿಜೆಕ್ಟ್" ಅಂದರು.

ಹೊಸದು ಬಂತು. ರೀಬಿಲ್ಡ್ ಖರ್ಚಿನ ಪಟ್ಟಿಯಲ್ಲಿ ಈಗ ಪಿಸ್ಟನ್ ರಿಂಗ್, ಬೇರಿಂಗ್ ಶೆಲ್, ಗ್ಯಾಸ್ಕೆಟ್ ಸೆಟ್ ಆದ ಮೇಲೆ ಹೆಂಡತಿಯ ಕೈಬರಹದಲ್ಲಿ "ದೋಸೆ ಕಾವಲಿ, 1" ಅಂತ ಇದೆ.